‘ಲೋಕಲ್ ಸಿಗುತ್ತಿತ್ತು’: ಇಂಗ್ಲಿಷಿನಲ್ಲಿ ಹೇಗೆ?

ಮುಂಬಯಿ ಸುತ್ತಲಿನ ಡೊಂಬಿವಲಿ, ಠಾಣೆ ಕಡೆಯಿಂದ ಲೋಕಲ್ ಟ್ರೇನಿನಲ್ಲಿ ಇಂಟರ್‌ವ್ಯೂಗೆ ಹೊರಡುವ ನಮ್ಮ ಮಕ್ಕಳಿಗೆ ಈ ಪಾಠ ಉಪಯೋಗವಾದೀತು.

‘ಬೇಗ ಹೊರಟಿದ್ದರೆ ಫಾಸ್ಟ್ ಲೋಕಲ್ ಸಿಗುತ್ತಿತ್ತು.’ ಅಂದರೆ ಹೊರಡಲಿಲ್ಲ, ಸಿಗಲೂ ಇಲ್ಲ. ಇಂಗ್ಲಿಷಿನಲ್ಲಿ: ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿ, ಐ ವುಡ್ ಹ್ಯಾವ್ ಕಾಟ್ ದ ಫಾಸ್ಟ್ ಲೋಕಲ್. ‘ಇಫ್’ ಇರುವ ಕಡೆ ಹ್ಯಾಡ್, ಇನ್ನೊಂದು ಕಡೆ ವುಡ್ ಹ್ಯಾವ್. ಎರಡರ ಮುಂದೆಯೂ ಕ್ರಿಯಾಪದದ ಮೂರನೇ ರೂಪ (ಗೋ-ವೆಂಟ್-ಗಾನ್ ಎಂಬಲ್ಲಿ ಗಾನ್). ‘ಇಫ್ ಐ ವುಡ್ ಹ್ಯಾವ್ ಲೆಫ್ಟ್’ ಕಿವಿಗೆ ಬೀಳುತ್ತದೆ, ನಿಜ. ಅರ್ಜಿಯಲ್ಲಿ ಮಾತ್ರ ಬರೆಯಬೇಡಿ.

ನಮಗೆ ತೊಡಕಾಗುವುದು ‘ಸಿಗುತ್ತಿತ್ತು’. ‘ಆಗೆಲ್ಲ ದಿನಾ ಸೀಟು ಸಿಗುತ್ತಿತ್ತು’ ಅನ್ನುವುದಕ್ಕೂ ಅದೇ ರೂಪ. ಅದಕ್ಕೇ ಬಾಯಿಗೆ ‘ಐ ವಾಸ್ ಕ್ಯಾಚಿಂಗ್’ ಬಂದುಬಿಡುತ್ತದೆ. ‘ಹೊರಟಿದ್ದರೆ’ ಒಂದನ್ನೇ ನಂಬಿದರೂ ಕೆಟ್ಟಿರಿ: ‘ಅವನು ಹೊರಟಿದ್ದರೆ ದಾದರಿನಲ್ಲಿ ಸಿಗುತ್ತಾನೆ’ ಎಂದರೆ ಹೊರಟಿರಲೂಬಹುದು, ಅಲ್ಲಿ ಇಫ್ ಹೀ ಹ್ಯಾಸ್ ಲೆಫ್ಟ್. ವಾಕ್ಯದ ಬಾಲ ನೋಡಿ: ‘ಸಿಗುತ್ತಾನೆ’ಯೋ, ‘ಸಿಗುತ್ತಿದ್ದ’ನೋ?

ಫಲ ಈಗಿನದಾದರೆ ಹ್ಯಾವ್ ಬೇಡ. ‘ಆ ಟ್ರೇನ್ ಸಿಕ್ಕಿದ್ದರೆ ಈಗ ಆಫೀಸಿನಲ್ಲಿರುತ್ತಿದ್ದೆ’: ಐ ವುಡ್ ಬಿ ಇನ್ ದಿ ಆಫೀಸ್ ನೌ. ಇನ್ನು ‘ಐ ವುಡ್’, ‘ಐ ಹ್ಯಾಡ್’ ಎರಡೂ ಮೊಟಕಾದರೆ ‘ಐಡ್’; ಹಾಗೆ ಕೇಳಿಸಿದರೆ ಮುಂದಿನ ಪದ ಹಿಡಿಯಿರಿ. ಹ್ಯಾವ್ ಬಂದರೆ ಅದು ವುಡ್, ಗಾನ್‌ನಂಥ ಮೂರನೇ ರೂಪ ಬಂದರೆ ಹ್ಯಾಡ್.