ಯುದ್ಧದ ಮಾತಿಗೆ ನಾಲ್ಕು ಕಾಲಂ: ಅಮೆರಿಕದ ಚುನಾವಣೆ ಮತ್ತು ನನ್ನ ವಿದೇಶ ಪುಟ

ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳ ಚರ್ಚೆ ಅಲ್ಲಿನ ಪೂರ್ವ ಕರಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ನಮಗೆ ಮರುದಿನ ಬೆಳಿಗ್ಗೆ ಆರೂವರೆ. ಕನ್ನಡ ದಿನಪತ್ರಿಕೆಯೊಂದರ ವಿದೇಶ ಪುಟ ನೋಡಿಕೊಳ್ಳುತ್ತಿದ್ದ ನನಗೆ ಈ ಹೊತ್ತು ಅನುಕೂಲವೂ ಹೌದು, ಪೇಚೂ ಹೌದು. ಆ ದಿನದ ಪತ್ರಿಕೆ ಆಗಲೇ ಓದುಗರ ಮನೆ ಸೇರಿರುತ್ತದೆ. ಮುಂದಿನ ಸಂಚಿಕೆಗೆ ಇಡೀ ಹಗಲು ಕೈಯಲ್ಲಿರುತ್ತದೆ. ಆದರೆ ನಾವು ಪುಟ ಕಟ್ಟಲು ಕೂರುವ ಹೊತ್ತಿಗೆ ಗೆದ್ದವರು ಯಾರು, ತಡವರಿಸಿದವರು ಯಾರು ಎಂದು ಟಿ.ವಿ.ಯವರು ಹೇಳಿ ಹೇಳಿ ಸುಸ್ತಾಗಿರುತ್ತಾರೆ. ಅದನ್ನೇ ನಾಳೆ ಅಚ್ಚು ಹಾಕಿ ಯಾರಿಗೆ ಏನು ಲಾಭ? ಹಾಗಾಗಿ ಚರ್ಚೆಯನ್ನು ನೋಡುವುದಕ್ಕಿಂತ ಓದುವುದನ್ನು ರೂಢಿಸಿಕೊಂಡೆ.

ಯುದ್ಧ ಮತ್ತು ಭಯೋತ್ಪಾದನೆ ಕುರಿತ ಭಾಗಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ನ್ಯೂಸ್‌ಪ್ರಿಂಟ್ ಹಾಳೆಯನ್ನು ಅಡ್ಡವಿಟ್ಟು ನಾಲ್ಕು ಕಾಲಂ ಗೆರೆ ಹಾಕುತ್ತಿದ್ದೆ: ಯಾವ ನೆಲದಲ್ಲಿ, ಎಷ್ಟು ಸೈನಿಕರು, ಯಾವಾಗಿನವರೆಗೆ, ಯಾರ ಒಪ್ಪಿಗೆಯಿಂದ. ಮೇಲಿನ ಸಾಲಿನಲ್ಲಿ ಒಬ್ಬ ಅಭ್ಯರ್ಥಿ, ಕೆಳಗಿನದರಲ್ಲಿ ಇನ್ನೊಬ್ಬ. ಚರ್ಚೆಯ ಲಿಖಿತ ಪ್ರತಿ ಅಂತರ್ಜಾಲಕ್ಕೆ ಬಂದೊಡನೆ ಪ್ರಿಂಟ್ ತೆಗೆದು, ಈ ನಾಲ್ಕರಲ್ಲಿ ಕೂರುವ ಮಾತುಗಳಿಗಷ್ಟೇ ಕೆಂಪು ಗೆರೆ ಎಳೆಯುವುದು. ದೃಢ ನಾಯಕತ್ವ, ದೇಶದ ಗೌರವ, ಎದುರಾಳಿಯ ಅಪಾಯಕಾರಿ ಮನಃಸ್ಥಿತಿ ಇತ್ಯಾದಿಗಳಿಗೆ ಅಲ್ಲಿ ಜಾಗವಿಲ್ಲ. ಒಂದೂವರೆ ಗಂಟೆಯ ಮಾತನ್ನು ಹೀಗೆ ಜರಡಿ ಹಿಡಿದರೆ ಹಾಳೆಯ ಅರ್ಧ ತುಂಬಿದರೆ ಹೆಚ್ಚು. ಆಮೇಲಿನ ಕೆಲಸ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಜಾಲತಾಣದಲ್ಲಿ: ಇದೇ ವಿಷಯಕ್ಕೆ ಈ ಮಹಾಶಯರು ಹಿಂದೆ ಮತ ಹಾಕಿದ್ದು ಹೇಗೆ ಎಂದು ಹೆಸರು ಹುಡುಕುವುದು.

ಈ ಎರಡನೇ ಕೆಲಸದ ಬೆಲೆ ತಿಳಿದದ್ದು 2004ರಲ್ಲಿ. ಸೆಪ್ಟೆಂಬರ್ 30ರಂದು ಮಯಾಮಿ ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಅವರ ಎದುರಾಳಿ, ಸೆನೆಟರ್ ಜಾನ್ ಕೆರಿ ಎದುರುಬದುರಾದರು. ಇರಾಕ್ ಯುದ್ಧವೇ ತಪ್ಪು ದಾರಿ, ಬಿನ್ ಲಾಡೆನ್ ಟೋರಾ ಬೋರಾ ಬೆಟ್ಟಗಳಲ್ಲಿ ಸಿಕ್ಕಿಬಿದ್ದಿದ್ದಾಗ ಅವನನ್ನು ಹಿಡಿಯುವ ಕೆಲಸವನ್ನು ಅಫ್ಗನ್ ಸೇನಾನಾಯಕರಿಗೆ ಗುತ್ತಿಗೆ ಕೊಟ್ಟಿರಿ ಎಂಬುದು ಕೆರಿಯ ಆರೋಪ. ಗಾಳಿ ಬಂದತ್ತ ತಿರುಗುವವರು ಸೇನೆಯನ್ನು ಮುನ್ನಡೆಸಲಾರರು ಎಂಬುದು ಬುಷ್ ವಾದದ ಸಾರ. ದಾಖಲೆ ನೋಡಿದರೆ, 2002ರ ಅಕ್ಟೋಬರ್‌ನಲ್ಲಿ ಇರಾಕ್ ಮೇಲೆ ಬಲಪ್ರಯೋಗಕ್ಕೆ ಸೆನೆಟ್ 77–23 ಮತಗಳಿಂದ ಅಧಿಕಾರ ಕೊಟ್ಟಾಗ ಕೆರಿ ಆ 77 ಮಂದಿಯಲ್ಲಿ ಒಬ್ಬರು. ಮರುವರ್ಷ ಯುದ್ಧದ ಖರ್ಚಿಗೆ 8,700 ಕೋಟಿ ಡಾಲರ್ ಕೇಳಿದಾಗ ವಿರೋಧಿಸಿದ ಹನ್ನೆರಡು ಮಂದಿಯಲ್ಲೂ ಅವರಿದ್ದರು. ಈ ಹಣದ ಪರವಾಗಿ ಮತ ಹಾಕಿದ ಮೇಲೆಯೇ ವಿರುದ್ಧ ಮತ ಹಾಕಿದೆ ಎಂದು ಅವರು ಹೇಳಿದ ಮಾತು ಆ ಚುನಾವಣೆಯುದ್ದಕ್ಕೂ ನಗೆಪಾಟಲಾಯಿತು. ನಮ್ಮ ಡೆಸ್ಕಿನಲ್ಲೂ ನಕ್ಕರು. ಆದರೆ ಆ ಮಾತಿಗೆ ಬುಡವಿತ್ತು: ಶ್ರೀಮಂತರಿಗೆ ಕೊಟ್ಟ ತೆರಿಗೆ ಕಡಿತವನ್ನು ಹಿಂಪಡೆದು ಆ ಹಣ ಹೊಂದಿಸೋಣ ಎಂಬ ತಿದ್ದುಪಡಿಗೆ ಕೆರಿ ಪರವಾಗಿದ್ದರು. ಅದು ಬಿದ್ದುಹೋದ ಮೇಲೆ ಮೂಲ ಪ್ರಸ್ತಾವವನ್ನು ವಿರೋಧಿಸಿದರು. ಅಂದರೆ ಜಗಳ ಯುದ್ಧ ಬೇಕೋ ಬೇಡವೋ ಎಂಬಲ್ಲಿ ಅಲ್ಲ, ದುಡ್ಡು ಯಾರ ಜೇಬಿನದು ಎಂಬಲ್ಲಿ. ಅಂದಿನಿಂದ ನನ್ನ ಹಾಳೆಗೆ ಐದನೇ ಕಾಲಂ ಬಂತು: ಯಾರ ದುಡ್ಡಿನಿಂದ.

ಅದೇ ಚರ್ಚೆಯಲ್ಲಿ ಇನ್ನೊಂದು ಘಳಿಗೆ. ಅಮೆರಿಕಕ್ಕೆ ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು ಎಂದು ನಿರೂಪಕ ಜಿಮ್ ಲೆಹ್ರರ್ ಕೇಳಿದರು. ಅಣ್ವಸ್ತ್ರ ಪ್ರಸರಣ ಎಂದರು ಕೆರಿ. ಹೌದು, ಅದು ಭಯೋತ್ಪಾದಕರ ಕೈಗೆ ಸಿಗುವುದೇ ದೊಡ್ಡ ಅಪಾಯ ಎಂದು ಬುಷ್ ಕೂಡ ಒಪ್ಪಿದರು. ಸುದ್ದಿಸಂಸ್ಥೆ ಕಳಿಸಿದ ವರದಿಯಲ್ಲಿ ಇದು ಎಲ್ಲೋ ಕೊನೆಗಿತ್ತು. ನಾನು ಅದನ್ನು ಬಾಕ್ಸ್ ಮಾಡಿ ಮೇಲಕ್ಕೆ ತಂದೆ. ಇಬ್ಬರು ಜಗಳವಾಡುವುದು ಅವರ ವೃತ್ತಿ; ಜಗಳದ ಮಧ್ಯೆ ಒಪ್ಪಿಬಿಟ್ಟ ವಿಷಯ ಗೆದ್ದವರು ಯಾರೇ ಆಗಲಿ ನೀತಿಯಾಗುವ ಸಂಭವ ಹೆಚ್ಚು. ಓದುಗರಿಗೆ ಬೇಕಾದ ಸುದ್ದಿ ಅದು ಎಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

2008ರ ಚರ್ಚೆ ಇನ್ನೂ ಹತ್ತಿರದ್ದು, ಯಾಕೆಂದರೆ ಅದರಲ್ಲಿ ಪಾಕಿಸ್ತಾನವಿತ್ತು. ಸೆಪ್ಟೆಂಬರ್ 26ರಂದು ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಸೆನೆಟರ್‌ಗಳಾದ ಬರಾಕ್ ಒಬಾಮ ಮತ್ತು ಜಾನ್ ಮೆಕೇನ್. ವಿಷಯ ವಿದೇಶಾಂಗ ನೀತಿ ಎಂದಿದ್ದರೂ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಬಿದ್ದು ಎರಡು ವಾರವೂ ಆಗಿರಲಿಲ್ಲವಾದ್ದರಿಂದ ಮೊದಲ ಭಾಗವನ್ನು ಬ್ಯಾಂಕುಗಳೇ ನುಂಗಿದವು. ಆರು ದಿನಗಳ ಹಿಂದಷ್ಟೇ ಇಸ್ಲಾಮಾಬಾದಿನ ಮ್ಯಾರಿಯಟ್ ಹೋಟೆಲಿನಲ್ಲಿ ಬಾಂಬ್ ಸ್ಫೋಟವಾಗಿತ್ತು. ಬಿನ್ ಲಾಡೆನ್ ಅಥವಾ ಅಲ್ ಖೈದಾದ ಮುಖಂಡರು ಗುರಿಗೆ ಸಿಕ್ಕಿ, ಪಾಕಿಸ್ತಾನ ತಾನಾಗಿ ಕ್ರಮ ಕೈಗೊಳ್ಳದಿದ್ದರೆ ನಾವೇ ಹೊಡೆಯಬೇಕು ಎಂದರು ಒಬಾಮ. 2007ರ ಆಗಸ್ಟ್‌ನಿಂದ ಅವರು ಇದನ್ನೇ ಹೇಳುತ್ತಿದ್ದರು. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಬಾರದು, ಮಾಡಬೇಕಾದ್ದನ್ನು ಮಾಡಬೇಕು ಎಂದು ಮೆಕೇನ್ ತಿರುಗೇಟು ಕೊಟ್ಟರು.

‘ಪಾಕ್ ಮೇಲೆ ದಾಳಿಗೆ ಸಿದ್ಧ: ಒಬಾಮ ಎಂದು ಶೀರ್ಷಿಕೆ ಕೊಡಿ, ಎಲ್ಲರೂ ಓದುತ್ತಾರೆ’ ಎಂದರು ಮುಖ್ಯ ಉಪಸಂಪಾದಕರು.

‘ಸರ್, ಅವರು ದೇಶದ ಮೇಲೆ ಎನ್ನಲಿಲ್ಲ, ಲಾಡೆನ್ ಮೇಲೆ ಎಂದಿದ್ದಾರೆ’ ಎಂದು ಪ್ರತಿಯನ್ನು ಅವರ ಮುಂದಿಟ್ಟೆ.

‘ನಮ್ಮ ಓದುಗರಿಗೆ ಎರಡೂ ಒಂದೇ ಕಣಯ್ಯಾ.’

ಅವರು ಹೇಳಿದ್ದರಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆದರೂ ಕೊನೆಗೆ ‘ಲಾಡೆನ್ ಸಿಕ್ಕರೆ ಪಾಕ್ ಒಪ್ಪಿಗೆಗೆ ಕಾಯುವುದಿಲ್ಲ: ಒಬಾಮ’ ಎಂಬುದಕ್ಕೆ ರಾಜಿಯಾದರು. ಒಂದು ಅಕ್ಷರ ಹೆಚ್ಚಾಗಿ ಅಕ್ಷರದ ಗಾತ್ರ ಇಳಿಸಬೇಕಾಯಿತು, ಅದಕ್ಕೆ ಗೊಣಗಿದರು.

ನನ್ನ ಹಾಳೆಯಲ್ಲಿ ಮಾತ್ರ ಇಲ್ಲೊಂದು ವಿಚಿತ್ರ ಕಂಡಿತು. ಯಾವ ನೆಲ ಎಂಬುದಕ್ಕೆ ಇಬ್ಬರದೂ ಪಾಕಿಸ್ತಾನದ ಗಡಿಸೀಮೆಯೇ. ಯಾರ ಒಪ್ಪಿಗೆ ಎಂಬಲ್ಲಿ ಒಬಾಮ ‘ಬೇಕಿಲ್ಲ’ ಎಂದರೆ ಮೆಕೇನ್ ‘ಬೇಕು’ ಎಂದಿರಲಿಲ್ಲ, ‘ಹೇಳಬಾರದು’ ಎಂದಿದ್ದರು, ಅಷ್ಟೇ. ಅದಕ್ಕೂ ಮೊದಲೇ, ಸೆಪ್ಟೆಂಬರ್ 3ರಂದು, ಅಮೆರಿಕದ ಕಮಾಂಡೊಗಳು ಅಂಗೂರ್ ಅಡ್ಡಾ ಎಂಬಲ್ಲಿ ಪಾಕ್ ನೆಲಕ್ಕೆ ಇಳಿದು ದಾಳಿ ಮಾಡಿದ್ದರು. ಆ ಕಾಪಿಯನ್ನು ತೆಗೆದು ಚರ್ಚೆಯ ವರದಿಯ ಪಕ್ಕಕ್ಕೆ ಜೋಡಿಸಿದೆ. ಅಭ್ಯರ್ಥಿಗಳು ಮಾಡಬೇಕೇ, ಹೇಳಬೇಕೇ ಎಂದು ವಾದಿಸುತ್ತಿದ್ದ ಕೆಲಸವನ್ನು ಬುಷ್ ಸರ್ಕಾರ ಆಗಲೇ ಶುರು ಮಾಡಿತ್ತು. 2011ರ ಮೇ ತಿಂಗಳಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಅಮೆರಿಕದ ಕಮಾಂಡೊಗಳು ಲಾಡೆನ್‌ನನ್ನು ಕೊಂದ ಸುದ್ದಿ ಬಂದಾಗ ಹಿನ್ನೆಲೆ ಬರೆಯಲು ನಾನು ಹೆಚ್ಚು ಹುಡುಕಾಡಬೇಕಾಗಲಿಲ್ಲ.

ಇರಾಕ್ ವಿಷಯದಲ್ಲಿ ವ್ಯತ್ಯಾಸ ನಿಜಕ್ಕೂ ಇತ್ತು. ಹದಿನಾರು ತಿಂಗಳಲ್ಲಿ ಹೋರಾಟದ ಪಡೆಗಳನ್ನು ವಾಪಸ್ ಕರೆಸುತ್ತೇನೆ ಎಂದು ಒಬಾಮ, ಹೆಚ್ಚುವರಿ ಸೇನೆ ಕಳಿಸಿದ್ದು ಫಲಿಸುತ್ತಿರುವಾಗ ತಾರೀಖು ಹಾಕುವುದು ಸೋಲನ್ನು ಕರೆದಂತೆ ಎಂದು ಮೆಕೇನ್. ಆದರೆ ಚುನಾವಣೆ ಮುಗಿದ ಹದಿಮೂರನೇ ದಿನ, ನವೆಂಬರ್ 17ರಂದು, ಬುಷ್ ಸರ್ಕಾರವೇ ಇರಾಕ್ ಜೊತೆ ಸಹಿ ಹಾಕಿ 2011ರ ಡಿಸೆಂಬರ್ 31 ಎಂದು ತಾರೀಖು ನಿಗದಿ ಮಾಡಿತು! ಅಫ್ಗಾನಿಸ್ತಾನದ ವಿಷಯದಲ್ಲಿ ಇಬ್ಬರೂ ಇನ್ನಷ್ಟು ಸೈನಿಕರನ್ನು ಕಳಿಸುವವರೇ. ಭಾರತದ ಜೊತೆಗಿನ ಪರಮಾಣು ಒಪ್ಪಂದಕ್ಕೂ ಅಕ್ಟೋಬರ್ 1ರಂದು ಇಬ್ಬರದೂ ‘ಹೌದು’ ಮತ. ಅಂದು ಸೆನೆಟ್‌ನಲ್ಲಿ 86–13. ಭಯೋತ್ಪಾದನೆಯ ಶಂಕಿತರನ್ನು ಇಟ್ಟಿದ್ದ ಗ್ವಾಂಟನಾಮೊ ಸೆರೆಮನೆ ಮುಚ್ಚುವುದಾಗಿ ಇಬ್ಬರೂ ಮಾತು ಕೊಟ್ಟಿದ್ದರು. ಆದರೆ ಅಲ್ಲಿನ ಕೈದಿಗಳು ಅಮೆರಿಕದ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ತೀರ್ಪು ಕೊಟ್ಟಾಗ ಒಬಾಮ ಸ್ವಾಗತಿಸಿದರು, ಮೆಕೇನ್ ಕಟುವಾಗಿ ಟೀಕಿಸಿದರು. 2009ರ ಜನವರಿಯಲ್ಲಿ ಅಧ್ಯಕ್ಷರಾದೊಡನೆ ಒಬಾಮ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಎಂಟು ವರ್ಷ ಕಳೆದು ಅವರು ಕೆಳಗಿಳಿಯುವಾಗಲೂ ಅದು ತೆರೆದೇ ಇತ್ತು. ಅಂದರೆ ನನ್ನ ಒಮ್ಮತದ ಸಿದ್ಧಾಂತಕ್ಕೂ ಮಿತಿ ಇದೆ. ಸಂಸತ್ತು ಅಡ್ಡ ನಿಂತರೆ ಇಬ್ಬರು ಅಭ್ಯರ್ಥಿಗಳ ಒಪ್ಪಿಗೆಯೂ ಸಾಲದು.

ಸತ್ತ ಸೈನಿಕರ ಹೆಸರಿನ ಕೈಬಳೆಗಳನ್ನು ಇಬ್ಬರೂ ಚರ್ಚೆಯಲ್ಲಿ ಪ್ರಸ್ತಾಪಿಸಿದ್ದು ಮಾತ್ರ ಹಾಳೆಯ ಯಾವ ಕಾಲಮ್ಮಿನಲ್ಲೂ ಕೂರಲಿಲ್ಲ. ಅದನ್ನೂ ಸಣ್ಣದಾಗಿ ಹಾಕಿದೆ. ಅಷ್ಟು ಬಿಗಿ ಬೇಡ ಎನ್ನಿಸಿತು.

2009ರ ಅಕ್ಟೋಬರ್‌ನಲ್ಲಿ ಒಬಾಮ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ಡಿಸೆಂಬರ್ ಒಂದರಂದು ಅವರು ಅಫ್ಗಾನಿಸ್ತಾನಕ್ಕೆ ಇನ್ನೂ 30 ಸಾವಿರ ಸೈನಿಕರನ್ನು ಕಳಿಸುವುದಾಗಿ ಹೇಳಿದರು. ಶಾಂತಿದೂತರು ಮಾತು ತಪ್ಪಿದರು ಎಂದು ವಾಚಕರ ವಾಣಿಗೆ ಸಿಟ್ಟಿನ ಪತ್ರಗಳು ಬಂದವು. ಹಳೆಯ ಹಾಳೆ ತೆಗೆದು ನೋಡಿದೆ. ಅಫ್ಗನ್ ಯುದ್ಧಕ್ಕೆ ಸೈನಿಕರನ್ನು ಹೆಚ್ಚಿಸುತ್ತೇನೆ ಎಂದು ಆ ಮನುಷ್ಯ ಮೊದಲೇ ಹೇಳಿಯೇ ಗೆದ್ದಿದ್ದರು. ಇರಾಕ್ ಯುದ್ಧವನ್ನು ವಿರೋಧಿಸಿದವರು ಎಲ್ಲ ಯುದ್ಧಗಳನ್ನೂ ವಿರೋಧಿಸುತ್ತಾರೆಂದು ಓದುಗರು ತಾವೇ ಅಂದುಕೊಂಡಿದ್ದರು. ಆ ಅನಿಸಿಕೆ ಬೆಳೆಯಲು ನಮ್ಮ ಶೀರ್ಷಿಕೆಗಳ ಪಾಲೂ ಇತ್ತು.

2012ರ ಮೂರನೇ ಚರ್ಚೆ, ವಿದೇಶಾಂಗ ನೀತಿಯದ್ದು, ನಮಗೆ ಅಕ್ಟೋಬರ್ 23ರ ಬೆಳಿಗ್ಗೆ. ನೌಕಾಪಡೆಯ ಹಡಗುಗಳು ಕಡಿಮೆಯಾಗಿವೆ ಎಂದು ಎದುರಾಳಿ ಮಿಟ್ ರಾಮ್ನಿ ಆಕ್ಷೇಪಿಸಿದಾಗ, ಈಗ ಕುದುರೆಗಳೂ ಬಯೊನೆಟ್‌ಗಳೂ (ಬಂದೂಕಿನ ತುದಿಯ ಕತ್ತಿಗಳು) ಕಡಿಮೆಯೇ ಎಂದು ಒಬಾಮ ಚುಚ್ಚಿದರು. ಅಂದು ನಮ್ಮಲ್ಲಿ ಆಯುಧಪೂಜೆ! ಕಚೇರಿಗೆ ರಜೆ, ಮರುದಿನ ಪತ್ರಿಕೆ ಇಲ್ಲ. ವಿಜಯದಶಮಿಯ ಸಂಜೆ ಪುಟ ಕಟ್ಟಲು ಕೂತಾಗ ಬಯೊನೆಟ್ ಹಾಸ್ಯವನ್ನು ನೋಡದವರೇ ಇರಲಿಲ್ಲ. ಹಾಳೆ ನೋಡಿದರೆ ಎರಡೂ ಸಾಲುಗಳು ಹೆಚ್ಚುಕಡಿಮೆ ಒಂದೇ: ಅಫ್ಗಾನಿಸ್ತಾನದಿಂದ 2014ರ ಅಂತ್ಯಕ್ಕೆ ವಾಪಸ್ ಎಂದು ಇಬ್ಬರೂ, ಡ್ರೋನ್ ದಾಳಿ ಸರಿಯೇ ಎಂದು ಇಬ್ಬರೂ, ಅದನ್ನು ಹೆಚ್ಚಿಸಿದ್ದಕ್ಕೆ ರಾಮ್ನಿ ಎದುರಾಳಿಯನ್ನು ಮೆಚ್ಚಿದ್ದರು ಕೂಡ. ಜಂಬೂಸವಾರಿಯ ಚಿತ್ರಗಳಿಗೆ ಜಾಗ ಬೇಕೆಂದು ವಿದೇಶ ಪುಟವನ್ನು ಅರ್ಧ ಮಾಡಿದ್ದರು. ಬಯೊನೆಟ್ ಬಿಟ್ಟು, ‘ಡ್ರೋನ್ ದಾಳಿ: ಒಬಾಮ–ರಾಮ್ನಿ ಒಮ್ಮತ’ ಎಂದು ಮೂರು ಕಾಲಂ ಹಾಕಿ ಪುಟ ಬಿಟ್ಟೆ.