ಒಳಲೆಯಲ್ಲಿ ಹದಿನೈದು ಎಂಎಲ್: ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹಾಲು ಕುಡಿಸುವುದು ಹೇಗೆ?

ನನ್ನ ತಂಗಿಗೆ ಹೆರಿಗೆಯಾದದ್ದು 31ನೇ ವಾರಕ್ಕೆ. ಮಗು 1,200 ಗ್ರಾಂ. ಅದು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಇವಳು ವಾರ್ಡಿನಲ್ಲಿ. ಮೊದಲ ದಿನ ಹಿಂಡಿದ ಹಾಲು 2 ಎಂಎಲ್ ಕೂಡ ಆಗಲಿಲ್ಲ. "ಇಷ್ಟನ್ನ ಹೇಗಕ್ಕ ಕೊಡೋದು?" ಅಂತ ನಾಚಿಕೊಂಡಳು. ನರ್ಸ್ ಮಾತ್ರ ಒಂದು ಹನಿಯೂ ಚೆಲ್ಲದಂತೆ ಒಳಗೆ ಒಯ್ದು, ಮಗುವಿನ ಕೆನ್ನೆಯ ಒಳಬದಿಗೆ ಸವರಿದರು. ಆ ಹಳದಿ ಗಿಣ್ಣುಹಾಲಿನಲ್ಲಿ ಸೋಂಕು ತಡೆಯುವ ಶಕ್ತಿ ಇದೆ.

ಹಾಗಾಗಿ ಮೊದಲ ಕೆಲಸ, ಹಿಂಡುವುದು. ಹೆರಿಗೆಯಾದ ಕೆಲವೇ ಗಂಟೆಯೊಳಗೆ ಶುರು ಮಾಡಿ. ಆಮೇಲೆ ಎರಡು-ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲವಾದರೂ ಬೇಕು, ರಾತ್ರಿಯೂ ಸೇರಿ. ಕೈ ತೊಳೆದು, ಹೆಬ್ಬೆರಳನ್ನು ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನ ಮೇಲೆ, ಉಳಿದ ಬೆರಳನ್ನು ಕೆಳಗೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ ಹಿಂಡಿ. ತೊಟ್ಟನ್ನು ಎಳೆಯಬೇಡಿ. ಮುಚ್ಚಳವಿರುವ ಶುಚಿಯಾದ ಸ್ಟೀಲ್ ಡಬ್ಬಿಗೆ ಹಿಡಿದು ಸಮಯ ಬರೆದಿಡಿ. ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ಒಂದು ದಿನ. ರಾಯಚೂರಿನ ಬೇಸಿಗೆಯಲ್ಲಾದರೆ ಹೊರಗಿಡುವ ಮಾತೇ ಬೇಡ.

ಎಷ್ಟು ಕೊಡಬೇಕು? ಮೊದಲ ದಿನಗಳಲ್ಲಿ ತೀರಾ ಸ್ವಲ್ಪ, ಆಮೇಲೆ ದಿನದಿನಕ್ಕೂ ಏರಿಸುತ್ತಾರೆ. ಕೊನೆಗೆ ಮಗುವಿನ ತೂಕದ ಪ್ರತಿ ಕೆಜಿಗೆ ದಿನಕ್ಕೆ 150 ಎಂಎಲ್ ಅಥವಾ ಸ್ವಲ್ಪ ಜಾಸ್ತಿ. ನಮ್ಮ ಕೂಸಿಗೆ 180 ಎಂಎಲ್ ಬಂತು, ಎರಡು ಗಂಟೆಗೊಮ್ಮೆ ಅಂದರೆ ಸಲಕ್ಕೆ 15. ಬರೀ ಮೂರು ಚಮಚ!

ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡುವುದು ಇಂಥ ಮಕ್ಕಳಿಗೆ, ಗರ್ಭದ ದಿನಗಳೂ ಸೇರಿ, ಸುಮಾರು 34 ವಾರ ಆಗುವವರೆಗೆ ಕಷ್ಟ. ಅದಕ್ಕೇ ಮೊದಲು ಮೂಗು ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಹಾಲು ಸಾಗಿಸುವ ಸಣ್ಣ ಟ್ಯೂಬ್. ನಂತರ ಒಳಲೆ, ನಮ್ಮ ಅಜ್ಜಿಯರ ಕಾಲದ್ದೇ. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಲೆ ಎತ್ತರಿಸಿ ಹಿಡಿಯಿರಿ. ಒಳಲೆಯ ಮೂತಿ ಕೆಳತುಟಿಗೆ ತಾಗಿದರೆ ಸಾಕು. ಹಾಲು ಸುರಿಯಬೇಡಿ. ಮಗು ತಾನೇ ನಾಲಿಗೆ ಚಾಚಿ ನೆಕ್ಕುತ್ತದೆ, ನಡುವೆ ನಿಲ್ಲಿಸಿ ಉಸಿರಾಡುತ್ತದೆ. ಕಾಯಿರಿ. ಪ್ರತಿ ಸಲವೂ ಒಳಲೆಯನ್ನು ಸೋಪಿನಲ್ಲಿ ತೊಳೆದು ಕುದಿಸಿ.

ಇನ್ನು ಎದೆಹಾಲಿಗೆ ಬೆರೆಸಿ ಅದರ ಪೋಷಕಾಂಶ ಹೆಚ್ಚಿಸುವ ಪುಡಿ. ಆಸ್ಪತ್ರೆಯಲ್ಲಿ ಎಚ್‌ಎಂಎಫ್ ಅನ್ನುತ್ತಾರೆ. ಸುಣ್ಣದಂಶ, ರಂಜಕ ಹೆಚ್ಚಾಗಿ ಮಗುವಿನ ಮೈಗೆ ಸೇರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಅದು ತಪ್ಪಿಹೋಗಿರುತ್ತದೆ. ಪುಟ್ಟ ಹೊಟ್ಟೆಗೆ ಜಾಸ್ತಿ ಹಾಲು ಹಿಡಿಸದು, ಅದಕ್ಕೆ ಇರುವ ಹಾಲನ್ನೇ ಗಟ್ಟಿ ಮಾಡುವುದು. 100 ಎಂಎಲ್ ಎದೆಹಾಲಿನಲ್ಲಿ ಸುಮಾರು 67 ಕ್ಯಾಲೊರಿ, ಪುಡಿ ಸೇರಿದರೆ 80ರ ಆಸುಪಾಸು. ಎಲ್ಲ ಮಕ್ಕಳಿಗೂ ಬೇಡ. ಸಾಮಾನ್ಯವಾಗಿ ಒಂದೂವರೆ ಕೆಜಿಗಿಂತ ಕಡಿಮೆ ಇರುವವರಿಗೆ, ಡಾಕ್ಟರ್ ಹೇಳಿದರಷ್ಟೇ.

ಪ್ಯಾಕೆಟ್ ಮೇಲೆ ಎಷ್ಟು ಹಾಲಿಗೆ ಎಂದು ಬರೆದಿರುತ್ತದೆ. ಅಷ್ಟನ್ನೇ ಸಿರಿಂಜ್‌ನಲ್ಲಿ ಅಳೆದು, ಪುಡಿ ಪೂರ್ತಿ ಹಾಕಿ, ಕುಡಿಸುವ ಸ್ವಲ್ಪ ಮುಂಚೆ ಮೆಲ್ಲಗೆ ತಿರುಗಿಸಿ ಬೆರೆಸಿ. ಫ್ರಿಜ್‌ನ ಹಾಲನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ. ಒಲೆ, ಮೈಕ್ರೋವೇವ್ ಬೇಡ. ಮನೆಗೆ ಬಂದ ಮೇಲೆ ನಾನೊಮ್ಮೆ ಕಣ್ಣಳತೆಯಲ್ಲಿ ಅರ್ಧ ಪ್ಯಾಕೆಟ್ ಸುರಿದು ತಂಗಿಯಿಂದ ಬೈಸಿಕೊಂಡೆ. ಬೈದದ್ದು ಸರಿಯೇ. ಜಾಸ್ತಿಯಾದರೆ ಕರುಳಿಗೆ ಭಾರ, ಕಡಿಮೆಯಾದರೆ ತೂಕ ಏರದು.

ತಾಯಿಗೆ ಹಾಲು ಸಾಲದಿದ್ದರೆ? ಮೊದಲು ಎದೆಹಾಲಿನ ಬ್ಯಾಂಕ್ ವಿಚಾರಿಸಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಇದೆ. ಇಂಥ ಬ್ಯಾಂಕ್‌ಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ. ಅದೂ ಸಿಗದಿದ್ದಾಗ ದಿನ ತುಂಬದ ಮಕ್ಕಳಿಗೆಂದೇ ಇರುವ ಫಾರ್ಮುಲಾ. ಅಂಗಡಿಯವರು ಕೊಟ್ಟ ಯಾವುದೋ ಡಬ್ಬಿಯಲ್ಲ. ನೀರನ್ನು ಕುದಿಸಿ, 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಬೆರೆಸಿ, ಪೂರ್ತಿ ಆರಿಸಿ ಕೊಡಿ. ಮಿಕ್ಕಿದ್ದು ಚೆಲ್ಲಿ. ಡಬ್ಬಿ ಬೇಗ ಖಾಲಿಯಾಗುತ್ತದೆ ಅಂತ ನೀರು ಜಾಸ್ತಿ ಮಾಡಬೇಡಿ.

ಜೇನುತುಪ್ಪ, ಬಜೆ, ಸಕ್ಕರೆ ನೀರು ಯಾವುದೂ ಬೇಡ. ನಮ್ಮಜ್ಜಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಬೆಳ್ಳಿ ಒಳಲೆ ಕುದಿಸುವ ಕೆಲಸ ಅವರಿಗೇ ವಹಿಸಿದೆವು.

ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಅಥವಾ ಉಸಿರು ನಿಂತುನಿಂತು ಬಂದರೆ ಹಾಲು ನಿಲ್ಲಿಸಿ. ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.