ಕೊಡ ಹಿಡಿದು ವಾರ್ಡ್ ಸಭೆಗೆ: ಊರಿನ ನೀರಿಗೆ ಊರವರೇ ಅಂಕ ಕೊಡುವುದು ಹೇಗೆ?

ಗ್ರಾಮ ಸಭೆಯಲ್ಲಿ ನೀರಿನ ಮಾತು ಬಂದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಒಬ್ಬರು ಎದ್ದು "ನಮ್ಮ ಬೀದಿಗೆ ನೀರೇ ಬರಲ್ಲ" ಅನ್ನುತ್ತಾರೆ. ಇನ್ನೊಬ್ಬರು "ನಮಗೆ ಬರುತ್ತಲ್ಲ" ಅನ್ನುತ್ತಾರೆ. ನಾಲ್ಕು ಮಂದಿ ನೀರುಗಂಟಿಯ ಮೇಲೆ ಮುಗಿಬೀಳುತ್ತಾರೆ. ಕೊನೆಗೆ ನಡಾವಳಿ ಪುಸ್ತಕದಲ್ಲಿ 'ಚರ್ಚಿಸಲಾಯಿತು, ಸೂಕ್ತ ಕ್ರಮಕ್ಕೆ ತೀರ್ಮಾನಿಸಲಾಯಿತು' ಅನ್ನುವ ಸಾಲು ಸೇರುತ್ತದೆ. ಎಲ್ಲರೂ ಟೀ ಕುಡಿದು ಮನೆಗೆ ಹೋಗುತ್ತಾರೆ.

ಬರುತ್ತೆ, ಬರಲ್ಲ ಅನ್ನುವ ಜಗಳ ನಿಲ್ಲಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು. ಆ ಲೆಕ್ಕವನ್ನು ಊರವರೇ ತೆಗೆಯಬಹುದು. ಬೇಕಾಗುವುದು ಒಂದು ಕೊಡ, ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಎರಡು ವಾರ.

ಮೊದಲು ಕೊಡ ಅಳೆಯಿರಿ

ಜಲ ಜೀವನ ಮಿಷನ್, ಅಂದರೆ ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಅನ್ನುವ ಯೋಜನೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅನ್ನುತ್ತದೆ. ಮನೆಯಲ್ಲಿ 5 ಜನ ಇದ್ದರೆ 275 ಲೀಟರ್. ಆದರೆ ಲೀಟರ್ ಲೆಕ್ಕದಲ್ಲಿ ಯಾರು ನೀರು ಹಿಡಿಯುತ್ತಾರೆ? ನಮ್ಮದು ಕೊಡದ ಲೆಕ್ಕ. ಹಾಗಾಗಿ 1 ಲೀಟರಿನ ಬಾಟಲಿಯಿಂದ ನಿಮ್ಮ ಕೊಡಕ್ಕೆ ನೀರು ಸುರಿದು, ಎಷ್ಟು ಹಿಡಿಯುತ್ತದೆ ನೋಡಿ. ಒಂದು ಕೊಡಕ್ಕೂ ಇನ್ನೊಂದಕ್ಕೂ ಎರಡು ಮೂರು ಲೀಟರ್ ವ್ಯತ್ಯಾಸ ಇರಬಹುದು, ಸುಮ್ನೆ ಅಂದಾಜು ಹೊಡೆಯಬೇಡಿ. 15 ಲೀಟರಿನ ಕೊಡವಾದರೆ ಆ ಮನೆಗೆ ದಿನಕ್ಕೆ 18 ಕೊಡಕ್ಕಿಂತ ಚೂರು ಜಾಸ್ತಿ ಬೇಕು.

ಆಮೇಲೆ ನಲ್ಲಿಯ ವೇಗ. ಕೊಡ ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿ. ಒಂದೂವರೆ ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಬಂತು, ಅರ್ಧ ಗಂಟೆ ನೀರು ಬಿಟ್ಟರೆ ಸಾಕು. 3 ನಿಮಿಷ ಹಿಡಿದರೆ ಅದೇ 275 ಲೀಟರಿಗೆ 55 ನಿಮಿಷ ಬೇಕು. ಟ್ಯಾಂಕ್ ಪಕ್ಕದ ಮನೆಗೂ ಬೀದಿಯ ಕೊನೆ ಮನೆಗೂ ಒಂದೇ ಅರ್ಧ ಗಂಟೆ ನೀರು ಬಿಡುತ್ತಾರೆ. ಹಾಗಾಗಿ 'ಬರುತ್ತೆ' ಅಂದವರೂ 'ಬರಲ್ಲ' ಅಂದವರೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಯಾವ ಮನೆಗಳಲ್ಲಿ ಅಳೆಯಬೇಕು? ಇಲ್ಲೇ ಹೆಚ್ಚಿನವರು ಎಡವುವುದು. ಓಡಾಡಲು ಸುಲಭ ಅಂತ ಬಸ್‌ಸ್ಟ್ಯಾಂಡ್ ಹತ್ತಿರದ, ಪರಿಚಯದ ಮನೆಗಳನ್ನೇ ಆರಿಸಿಕೊಂಡರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಟ್ಯಾಂಕ್ ಹತ್ತಿರ 10 ಮನೆ, ನಡುವೆ 10, ಪೈಪಿನ ಕೊನೆಯಲ್ಲಿ 10 ಹಿಡಿಯಿರಿ. ದಿಬ್ಬದ ಮೇಲಿನ ಮನೆ, ಕಾಲೋನಿ, ತೋಟದ ಮನೆ ಬಿಡಬೇಡಿ. ಬರೆಯುವ ಕೆಲಸ ನೀರು ಹಿಡಿಯುವವರದೇ ಆಗಲಿ. ನೀರು ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಕೊಡ, ಇಷ್ಟು ಸಾಕು. ಬರೆಯಲು ಬಾರದವರು ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆದರೂ ಆಯಿತು.

ನೀರಿನ ಗುಣ ನೋಡಲು ಪಂಚಾಯಿತಿಯಲ್ಲಿರುವ ಪರೀಕ್ಷೆ ಕಿಟ್ ಕೇಳಿ. ಪ್ರತಿ ಹಳ್ಳಿಯಲ್ಲಿ 5 ಮಹಿಳೆಯರಿಗೆ ಇದರ ತರಬೇತಿ ಕೊಡಬೇಕು ಎಂದು ಯೋಜನೆಯೇ ಹೇಳುತ್ತದೆ. ಕೋಲಾರ, ಪಾವಗಡದ ಕಡೆಯವರು ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೋಡುವುದನ್ನು ಮರೆಯಬಾರದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಆಗದು.

ಹುಣಸೆ ಬೀಜದ ಅಂಕ

ಅಳತೆಯಲ್ಲಿ ಎಲ್ಲವೂ ಸಿಗುವುದಿಲ್ಲ. ರಾತ್ರಿ 2 ಗಂಟೆಗೆ ನೀರು ಬಿಟ್ಟರೆ ಕೊಡದ ಲೆಕ್ಕ ಸರಿ ಇರುತ್ತದೆ, ನಿದ್ದೆ ಕೆಡುವುದು ಹೆಂಗಸರದು. ಅದಕ್ಕೇ ಜನರಿಂದ ಅಂಕ ಹಾಕಿಸಬೇಕು. ಈ ಪದ್ಧತಿಯ ಹೆಸರು ಸಮುದಾಯ ಅಂಕಪಟ್ಟಿ. 2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವು ಸಂಸ್ಥೆ ಇದನ್ನು ಆಸ್ಪತ್ರೆ ಸೇವೆಗಾಗಿ ರೂಪಿಸಿತು. ಅದಕ್ಕೂ ಮೊದಲೇ, 1994ರಲ್ಲಿ, ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ ಪಾಲ್ ಅವರ ತಂಡ ಬೆಂಗಳೂರಿನ ನೀರು, ವಿದ್ಯುತ್, ಪಾಲಿಕೆ ಸೇವೆಗಳಿಗೆ ಜನರಿಂದಲೇ ರಿಪೋರ್ಟ್ ಕಾರ್ಡ್ ಬರೆಸಿತ್ತು.

ನಾಲ್ಕೈದು ಪ್ರಶ್ನೆ ಸಾಕು. ಹೇಳಿದ ಹೊತ್ತಿಗೆ ನೀರು ಬರುತ್ತದೆಯೇ? ಸಾಲುತ್ತದೆಯೇ? ಕುಡಿಯುವ ಹಾಗಿದೆಯೇ? ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿ? ಪ್ರತಿಯೊಂದಕ್ಕೂ 1ರಿಂದ 5 ಹುಣಸೆ ಬೀಜ ಇಡಲು ಹೇಳಿ. ಹೆಂಗಸರು, ಗಂಡಸರು, ಕಾಲೋನಿಯವರು ಬೇರೆ ಬೇರೆಯಾಗಿ ಕೂರಲಿ. ಒಟ್ಟಿಗೆ ಕೂತರೆ ಊರ ಯಜಮಾನರು ಎಷ್ಟು ಬೀಜ ಇಟ್ಟರೋ ಎಲ್ಲರೂ ಅಷ್ಟೇ ಇಡುತ್ತಾರೆ, ಅಲ್ವಾ? ಬೀಜ ಎಣಿಸಿ ಮುಗಿಸಬೇಡಿ. 'ಯಾಕೆ ಎರಡೇ?' ಎಂದು ಕೇಳಿ, ಬಂದ ಉತ್ತರವನ್ನು ಅವರ ಮಾತಲ್ಲೇ ಬರೆದುಕೊಳ್ಳಿ.

ಇನ್ನು ನೀರುಗಂಟಿ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ. ಅದೇ ಪ್ರಶ್ನೆಗಳಿಗೆ ಅವರೂ ಬೀಜ ಇಡಲಿ. ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಮಾತ್ರ ಬರುತ್ತಿರಬಹುದು, ವಾಲ್ವ್ ಕೆಟ್ಟು ತಿಂಗಳಾಗಿರಬಹುದು, ಸಂಬಳ ಬಾಕಿ ಇರಬಹುದು. ಮೇಲಿನ ಬೀದಿಯವರು ನಲ್ಲಿಗೇ ಮೋಟಾರ್ ಹಾಕಿ ನೀರು ಎಳೆಯುವುದು ಅವರಿಗೆ ಗೊತ್ತಿರುತ್ತದೆ. ಸಭೆಯಲ್ಲಿ ಹೇಳಲು ಧೈರ್ಯ ಇರುವುದಿಲ್ಲ. ನನ್ನ ಕೇಳಿದರೆ, ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿಷಯ ಸಿಗುವುದು ಈ ಅರ್ಧ ಗಂಟೆಯಲ್ಲೇ.

ಸಭೆಗೆ ಹೋಗುವಾಗ

ನೇರ ಗ್ರಾಮ ಸಭೆಗೆ ಹೋಗಬೇಡಿ. ಮೊದಲು ವಾರ್ಡ್ ಸಭೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. 6 ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು ಎಂದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಗ್ರಾಮ ಸಭೆಗೂ ಅದೇ ಅವಧಿ. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಸೇರಿರಬೇಕು. ಹಾಜರಿ ಪುಸ್ತಕವನ್ನು ಮನೆ ಮನೆಗೆ ಕಳಿಸಿ ಸಹಿ ಹಾಕಿಸುವ ಅಭ್ಯಾಸ ನಿಮ್ಮೂರಲ್ಲಿದ್ದರೆ ಆ ಸಹಿ ಹಾಕಬೇಡಿ.

ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಟ್ಯಾಂಕ್ ಹತ್ತಿರ ಇಷ್ಟು ಕೊಡ, ನಡುವೆ ಇಷ್ಟು, ಕೊನೆಗೆ ಇಷ್ಟು. ಮೂರೇ ಸಾಲು. ನೀರು ಹಿಡಿದವರೇ ಅದನ್ನು ಓದಲಿ, ಮುಖಂಡರಲ್ಲ. ಬೇಡಿಕೆ ಒಂದೆರಡೇ ಇರಲಿ. 'ನೀರು ಸರಿಯಾಗಿ ಬಿಡಿ' ಅಂದರೆ ಯಾರಿಗೂ ಏನೂ ಅರ್ಥವಾಗದು. 'ಕೊನೆ ಬೀದಿಗೆ ಬೇರೆ ವಾಲ್ವ್ ಹಾಕಿ, ದಿನಕ್ಕೆ 1 ಗಂಟೆ ನೀರು ಬಿಡಿ' ಅನ್ನಿ. ಯಾರು ಮಾಡಬೇಕು, ಯಾವ ತಾರೀಕಿನೊಳಗೆ ಎಂಬುದು ನಡಾವಳಿಯಲ್ಲಿ ಬರುವವರೆಗೆ ಏಳಬೇಡಿ. ಬರೆದದ್ದನ್ನು ಜೋರಾಗಿ ಓದಿಸಿ. ನಡಾವಳಿಯ ನಕಲು ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ಮೂರು ತಿಂಗಳಾದ ಮೇಲೆ ಅದೇ 30 ಮನೆಗೆ ಹೋಗಿ, ಅದೇ ಕೊಡದಲ್ಲಿ ಮತ್ತೆ ಅಳೆಯಿರಿ. ವಾಲ್ವ್ ಹಾಕಿದ ಮೇಲೆ ಕೊನೆ ಬೀದಿಗೆ ನೀರು ಏರಿ, ನಡುಬೀದಿಗೆ ಇಳಿದಿರುವುದೂ ಉಂಟು. ಹಳೆಯ ಹಾಳೆಯ ಪಕ್ಕದಲ್ಲೇ ಹೊಸದನ್ನೂ ಅಂಟಿಸಿ. ಮಳೆಗಾಲದಲ್ಲಿ ಅಳೆದಿದ್ದರೆ ಏಪ್ರಿಲಿನಲ್ಲಿ ಇನ್ನೊಮ್ಮೆ ಅಳೆಯಬೇಕು, ಬೋರ್‌ವೆಲ್ ಕೈಕೊಡುವುದು ಆಗಲೇ.